ಆಟದ ಹಿಡಿಕೆಯೂ ಆಡುವ ಕೈಯೂ

ಗುಬ್ಬಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಉಂಟು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗ ಮಾರಾಟವಾಗುವ ಗಾಡಿಗಳಲ್ಲಿ ಇದು ತಿರುಗುಮುರುಗು. ಮೂವತ್ತು ವರ್ಷ ಹಳೆಯ ಗಾಡಿಯನ್ನೇ ಓಡಿಸಿದ್ದ ನಮ್ಮ ತಂದೆಯವರು, ನಾವು ಹೊಸದನ್ನು ಕೊಂಡ ವಾರದಲ್ಲಿಯೇ ಅದನ್ನೇರಿ ತುಮಕೂರಿನ ಕಡೆಗೆ ಹೊರಟರು. ಊರು ದಾಟುವಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ತಂದೆಯವರ ಎಡಗಾಲು ಯಾರ ಅಪ್ಪಣೆಗೂ ಕಾಯದೆ, ಬ್ರೇಕು ಇರಬೇಕಾದ ಸ್ಥಳವನ್ನು ಒತ್ತಿತು. ಅಲ್ಲಿದ್ದುದು ಗೇರು. ಎಮ್ಮೆಯು ತಾನಾಗಿ ಸರಿದುದರಿಂದ ಮೊಣಕೈ ತರಚಿದುದರಲ್ಲಿಯೇ ಮುಗಿಯಿತು. “ಗಾಡಿ ಚೆನ್ನಾಗಿದೆ ಕಣಪ್ಪ, ನನ್ನ ಕಾಲೇ ಮಾತು ಕೇಳಲಿಲ್ಲ” ಎಂದರು.

ಈ ಸಂಗತಿಯನ್ನು ಇಲ್ಲಿ ಹೇಳಲು ಕಾರಣವುಂಟು. ವಿಡಿಯೊ ಆಟಗಳ ಹಿಡಿಕೆ, ಅಂದರೆ ಆಟಗಾರರು ಕಂಟ್ರೋಲರ್ ಎಂದು ಕರೆಯುವ ಸಲಕರಣೆ, ಹೊಸ ರೂಪದಲ್ಲಿ ಬಂದಾಗಲೆಲ್ಲ ಆಟಗಾರರಲ್ಲಿ ದೊಡ್ಡ ವಾಗ್ವಾದವೇಳುತ್ತದೆ. ಹಿರಿಯರು ಅದನ್ನು ಕೇಳಿ ಮಕ್ಕಳ ಜಗಳವೆಂದು ನಗುತ್ತಾರೆ. ಆದರೆ ಆ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ಹೊಸ ಹಿಡಿಕೆಯು ತಾನು ಅಳೆಯುವೆನೆಂದುದನ್ನು ನಿಜವಾಗಿ ಅಳೆಯಬಲ್ಲುದೆ ಎಂಬುದು ಒಂದು; ಇದು ಭೌತಶಾಸ್ತ್ರದ ಪ್ರಶ್ನೆ. ನಮ್ಮ ಕೈ ತನ್ನ ಹಳೆಯ ಪಾಠವನ್ನು ಬಿಟ್ಟುಕೊಡಲು ಸಿದ್ಧವಿದೆಯೆ ಎಂಬುದು ಇನ್ನೊಂದು. ಎರಡನೆಯದರ ಸಿಟ್ಟನ್ನು ಮೊದಲನೆಯದರ ಮೇಲೆ ತೀರಿಸಿಕೊಳ್ಳುವುದು ಮನುಷ್ಯಸ್ವಭಾವ.

೧೯೯೦ರ ದಶಕದಲ್ಲಿ ಬಾಲ್ಯವನ್ನು ಕಳೆದ ನಮ್ಮಂಥವರು, ಕ್ಯಾಸೆಟ್ ತೂರಿಸಿ ಟೆಲಿವಿಷನ್ನಿಗೆ ಜೋಡಿಸುತ್ತಿದ್ದ ಆಟದ ಪೆಟ್ಟಿಗೆಯನ್ನು ಮರೆತಿರಲಾರೆವು. ಅವುಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಎಡ ಹೆಬ್ಬೆರಳಿಗೆ ಕೂಡುವ ಚಿಹ್ನೆಯ ಆಕಾರದ ಒಂದು ಗುಂಡಿ, ಬಲ ಹೆಬ್ಬೆರಳಿಗೆ ಎರಡು ದುಂಡು ಗುಂಡಿಗಳು. ಆ ಕೂಡುಗುಂಡಿಯನ್ನು ೧೯೮೨ರಲ್ಲಿ ಅಂಗೈಯಗಲದ ಒಂದು ಆಟಕ್ಕಾಗಿ ರೂಪಿಸಿದವನು ಅದೇ ಸಂಸ್ಥೆಯ ಗುನ್ಪೇ ಯೊಕೊಯಿ. ಇಂದು ಅದು ಎಷ್ಟು ಸಹಜವಾಗಿ ತೋರುವುದೆಂದರೆ, ಅದನ್ನೂ ಒಬ್ಬನು ಯೋಚಿಸಿ ಮಾಡಬೇಕಾಯಿತೆಂಬುದು ನೆನಪಿಗೆ ಬರುವುದಿಲ್ಲ. ೧೯೯೬ರಲ್ಲಿ ಇದೇ ಸಂಸ್ಥೆಯವರು ಮೂರು ಕೊಂಬುಗಳುಳ್ಳ ಹಿಡಿಕೆಯನ್ನು ತಂದಾಗ, ಎರಡೇ ಕೈಯಿರುವವನು ಮೂರನೆಯ ಕೊಂಬನ್ನು ಏನು ಮಾಡಬೇಕೆಂದು ಜನ ಕೇಳಿದರು. ಅದರ ನಡುಗೊಂಬಿನ ಮೇಲಿದ್ದ, ಎತ್ತ ಬೇಕಾದರೂ ಎಷ್ಟು ಬೇಕಾದರೂ ವಾಲುವ ಪುಟ್ಟ ಕಡ್ಡಿಯು ಮಾತ್ರ ಉಳಿದುಕೊಂಡಿತು, ಕೊಂಬು ಹೋಯಿತು.

ಇವೆಲ್ಲಕ್ಕಿಂತ ಹೆಚ್ಚು ಕೋಲಾಹಲವನ್ನೆಬ್ಬಿಸಿದುದು ೨೦೦೫ನೆಯ ಸೆಪ್ಟೆಂಬರಿನಲ್ಲಿ ಟೋಕಿಯೋದ ಆಟಪ್ರದರ್ಶನದಲ್ಲಿ ನಿಂಟೆಂಡೊ ಅಧ್ಯಕ್ಷ ಸತೋರು ಇವಾಟ ಅವರು ಎತ್ತಿ ತೋರಿಸಿದ ಹಿಡಿಕೆ. ನೋಟಕ್ಕೆ ಅದು ಟೆಲಿವಿಷನ್ನಿನ ರಿಮೋಟಿನಂತೆಯೇ ಇದ್ದಿತು. ಅದನ್ನು ಒಂದೇ ಕೈಯಲ್ಲಿ ಹಿಡಿದು ಬೀಸಿದರೆ ತೆರೆಯ ಮೇಲೆ ಟೆನಿಸ್ ಬ್ಯಾಟು ಬೀಸುವುದು, ಕತ್ತಿಯಂತೆ ಝಳಪಿಸಿದರೆ ಕತ್ತಿಯಾಗುವುದು. ಕೆಲವರು ಇದನ್ನು ಹೊಸ ಯುಗವೆಂದು ಕೊಂಡಾಡಿದರು. ಗುಂಡಿಗಳಲ್ಲಿ ಪಳಗಿದ ಅನೇಕರು ಇದು ಬರಿಯ ಗಿಮಿಕ್ಕು, ಗಂಭೀರ ಆಟಗಾರನಿಗಲ್ಲ ಎಂದರು. ಸೋಫಾದ ಮೇಲೆ ಒರಗಿ ಆಡುವವನಿಗೆ ಕೈ ಬೀಸುವ ಕೂಲಿಯೇಕೆ ಎಂದೂ ಕೇಳಿದರು. ೨೦೦೬ನೆಯ ನವೆಂಬರಿನಲ್ಲಿ ‘ವೀ’ ಎಂಬ ಹೆಸರಿನಿಂದ ಯಂತ್ರವು ಮಾರುಕಟ್ಟೆಗೆ ಬಂದಿತು. ಕಾಲಕ್ರಮದಲ್ಲಿ ೧೦ ಕೋಟಿಗೂ ಮಿಕ್ಕು ಯಂತ್ರಗಳು ಮಾರಾಟವಾದುವು. ಎಂದೂ ಗುಂಡಿ ಮುಟ್ಟದಿದ್ದ ಅಜ್ಜ ಅಜ್ಜಿಯರು ಅದರಲ್ಲಿ ಬೌಲಿಂಗ್ ಆಡಿದರು. ಅವರಿಗೆ ಮರೆಯಬೇಕಾದ ಹಳೆಯ ಪಾಠವಿರಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಗುಂಡಿಯ ಪಕ್ಷದವರು ಹೇಳಿದುದೆಲ್ಲ ಬರಿಯ ಹಟವೆ? ಅಲ್ಲ. ಇಲ್ಲಿ ಭೌತಶಾಸ್ತ್ರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಆ ಹಿಡಿಕೆಯೊಳಗೆ ವೇಗೋತ್ಕರ್ಷಮಾಪಕವೆಂಬ ಒಂದು ಸಿಲಿಕಾನ್ ತುಣುಕು ಇದ್ದಿತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ದಿಮ್ಮಿಯು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ನಡುವೆ ತೂಗಿಕೊಂಡಿರುತ್ತದೆ. ಕೈ ಬೀಸಿದಾಗ ಚೌಕಟ್ಟು ಮುಂದಕ್ಕೆ ಹೋಗುತ್ತದೆ, ದಿಮ್ಮಿಯು ಜಡತ್ವದಿಂದ ಕೊಂಚ ಹಿಂದುಳಿಯುತ್ತದೆ. ದಿಮ್ಮಿಗೂ ಪಕ್ಕದ ಫಲಕಗಳಿಗೂ ನಡುವಣ ಅಂತರವು ಬದಲಾದಂತೆ ಅಲ್ಲಿಯ ವಿದ್ಯುದ್ಧಾರಕತೆಯೂ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಕೈಯ ವೇಗವು ಎಷ್ಟು ತೀವ್ರವಾಗಿ ಹೆಚ್ಚಿತೆಂಬುದನ್ನು ತಿಳಿಯಬಹುದು. ತತ್ತ್ವವು ಸರಳ. ತೊಡಕೆಲ್ಲ ಮುಂದಿನದು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ಅರ್ಧ ನೀರಿರುವ ಬಾಟಲಿಯೊಂದನ್ನು ಬಸ್ಸಿನ ಉದ್ದಕ್ಕೆ ಅಡ್ಡ ಮಲಗಿಸಿ ಸೀಟಿಗೆ ಕಟ್ಟಿರುವೆವೆಂದು ಭಾವಿಸಿ. ನೀರು ಬಾಟಲಿಯ ಮುಂದಿನ ತುದಿಯ ಕಡೆಗೆ ಏರಿತು. ಚಾಲಕನು ಬ್ರೇಕು ಹಾಕಿದನೆ, ಅಥವಾ ಬಸ್ಸು ಇಳಿಜಾರಿಗೆ ಬಂದಿತೆ? ನೀರನ್ನು ಮಾತ್ರ ನೋಡಿ ಇದನ್ನು ಹೇಳುವುದು ಸಾಧ್ಯವಿಲ್ಲ. ಎರಡು ಸಂದರ್ಭಗಳಲ್ಲಿಯೂ ನೀರು ಒಂದೇ ರೀತಿ ವರ್ತಿಸುತ್ತದೆ. ೧೯೦೭ರಲ್ಲಿ ಐನ್‌ಸ್ಟೈನರು ತಮ್ಮ ಮಹತ್ತರವಾದ ಚಿಂತನೆಯನ್ನು ಆರಂಭಿಸಿದುದು ಇದೇ ಸಂಗತಿಯಿಂದ: ಗುರುತ್ವದ ಸೆಳೆತಕ್ಕೂ ವೇಗೋತ್ಕರ್ಷಕ್ಕೂ ಒಳಗೆ ಕುಳಿತವನು ಭೇದ ಕಾಣಲಾರ. ಹಿಡಿಕೆಯೊಳಗಿನ ದಿಮ್ಮಿಯೂ ಹಾಗೆಯೇ ಒಳಗೆ ಕುಳಿತವನು. ಆಟಗಾರನು ಕೈಯನ್ನು ಮುಂದಕ್ಕೆ ತಳ್ಳಿದನೋ, ಸುಮ್ಮನೆ ಮಣಿಕಟ್ಟನ್ನು ಬಾಗಿಸಿದನೋ ಅದಕ್ಕೆ ತಿಳಿಯದು.

ಈ ಸಂದಿಗ್ಧದ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಹಿಡಿಕೆಯ ಓರೆಯನ್ನು ಅಂದಾಜು ಮಾಡುವಲ್ಲಿ ಕೇವಲ ೧ ಡಿಗ್ರಿಯಷ್ಟು ತಪ್ಪಾಯಿತೆನ್ನೋಣ. ಆಗ ಗುರುತ್ವದ ಒಂದು ಸಣ್ಣ ಪಾಲು, ಸೆಕೆಂಡಿಗೆ ಸೆಕೆಂಡಿಗೆ ಸುಮಾರು ೧೭ ಸೆಂಟಿಮೀಟರಿನಷ್ಟು, ಕೈಯ ಚಲನೆಯೆಂದು ಎಣಿಕೆಗೆ ಬರುತ್ತದೆ. ೧ ಸೆಕೆಂಡಿನಲ್ಲಿ ಕೈಯ ಸ್ಥಾನವು ಸುಮಾರು ೮.೫ ಸೆಂಟಿಮೀಟರು ತಪ್ಪುತ್ತದೆ. ದೂರವು ಕಾಲದ ವರ್ಗಕ್ಕೆ ಅನುಗುಣವಾದುದರಿಂದ, ೧೦ ಸೆಕೆಂಡಿನಲ್ಲಿ ತಪ್ಪು ಎಂಟೂವರೆ ಮೀಟರಾಗುತ್ತದೆ. ಆಟಗಾರನು ನಡುಮನೆಯಲ್ಲಿ ನಿಂತಿದ್ದರೆ ಯಂತ್ರದ ಲೆಕ್ಕದಲ್ಲಿ ಅವನ ಕೈ ಪಕ್ಕದ ಮನೆಯ ಹಿತ್ತಲಿನಲ್ಲಿರುತ್ತದೆ!

ಇದನ್ನು ತಿಳಿದೇ ತಯಾರಕರು ಹಿಡಿಕೆಯ ಮೂತಿಯಲ್ಲಿ ಅವಕೆಂಪು ಕಿರಣವನ್ನು ಕಾಣಬಲ್ಲ ಒಂದು ಕ್ಯಾಮರಾವನ್ನೂ ಇಟ್ಟಿದ್ದರು. ಟೆಲಿವಿಷನ್ನಿನ ಮೇಲಿಡುವ ಒಂದು ಪಟ್ಟಿಯ ಎರಡು ತುದಿಗಳಲ್ಲಿ ಅವಕೆಂಪು ದೀಪಗಳಿರುತ್ತವೆ. ಕ್ಯಾಮರಾ ಆ ಎರಡು ಚುಕ್ಕೆಗಳನ್ನು ನೋಡಿ ತಾನು ಎತ್ತ ಮುಖ ಮಾಡಿರುವೆನೆಂದು ಅರಿಯುತ್ತದೆ. ಈ ಪಟ್ಟಿಗೆ ಸೆನ್ಸರ್ ಬಾರ್ ಎಂಬ ಹೆಸರು ಕೊಟ್ಟುದು ವಿನೋದವೇ ಸರಿ, ಏಕೆಂದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಬದಲಿಗೆ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟರೂ ಕೆಲಸ ನಡೆಯುತ್ತದೆ. ಆದರೆ ಬೀಸುವ ಭರದಲ್ಲಿ ಹಿಡಿಕೆಯು ಟೆಲಿವಿಷನ್ನಿನಿಂದ ಆಚೆಗೆ ತಿರುಗಿತೆಂದರೆ ಚುಕ್ಕೆಗಳು ಮರೆಯಾಗಿ, ಉಳಿಯುವುದು ದಿಮ್ಮಿಯೊಂದೇ. ಆದುದರಿಂದಲೇ ಟೆನಿಸ್ ಆಟದಲ್ಲಿ ಇಡೀ ತೋಳನ್ನು ಬೀಸುವ ಬದಲು ಕುಳಿತಲ್ಲಿಯೇ ಮಣಿಕಟ್ಟನ್ನು ಕುಡಿಸಿದರೂ ಚೆಂಡು ಹಾರುತ್ತದೆಂಬುದನ್ನು ಚತುರ ಆಟಗಾರರು ಬಲುಬೇಗ ಕಂಡುಹಿಡಿದರು. ಗಿಮಿಕ್ಕೆಂಬ ಮಾತಿಗೆ ತಕ್ಕಮಟ್ಟಿನ ಆಧಾರವಿದ್ದುದು ಇಲ್ಲಿಯೇ. ಪೂರ್ತಿ ನಂಬಿ ತೋಳು ಬೀಸಿದವರ ಕಷ್ಟ ಬೇರೆ: ಹಿಡಿಕೆಯು ಕೈ ಜಾರಿ ಹಾರುತ್ತಿತ್ತು; ೨೦೦೬ನೆಯ ಡಿಸೆಂಬರಿನಲ್ಲಿ ಸಂಸ್ಥೆಯು ಮಣಿಕಟ್ಟಿನ ದಾರವನ್ನು ದಪ್ಪನಾದುದಕ್ಕೆ ಬದಲಿಸಿಕೊಡಬೇಕಾಯಿತು.

೨೦೦೯ರಲ್ಲಿ ಹಿಡಿಕೆಯ ಬುಡಕ್ಕೆ ಜೋಡಿಸುವ ಇನ್ನೊಂದು ಉಪಾಂಗ ಬಂದಿತು. ಅದರಲ್ಲಿದ್ದುದು ಗೈರೋಸ್ಕೋಪು. ಹೆಸರು ಕೇಳಿ ಗಿರಗಿರನೆ ತಿರುಗುವ ಚಕ್ರವನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಇಲ್ಲಿಯೂ ಸಿಲಿಕಾನಿನ ಸೂಕ್ಷ್ಮ ದಿಮ್ಮಿಯೇ, ಆದರೆ ಸದಾ ಅತ್ತಿತ್ತ ಕಂಪಿಸುತ್ತಿರುತ್ತದೆ. ಹಿಡಿಕೆಯನ್ನು ತಿರುಗಿಸಿದಾಗ ಕಂಪನವು ಪಕ್ಕಕ್ಕೆ ವಾಲುತ್ತದೆ. ೧೮೫೧ರಲ್ಲಿ ಫೂಕೋ ಪ್ಯಾರಿಸಿನಲ್ಲಿ ತೂಗುಬಿಟ್ಟ ಲೋಲಕವು ಭೂಮಿಯ ತಿರುಗುವಿಕೆಯನ್ನು ತೋರಿಸಿದುದೂ ಇದೇ ಕೊರಿಯಾಲಿಸ್ ಪರಿಣಾಮದಿಂದ. ಗೈರೋಸ್ಕೋಪು ಎಷ್ಟು ಬೇಗ ತಿರುಗಿದೆವೆಂಬುದನ್ನು ನೇರವಾಗಿ ಹೇಳುತ್ತದೆ, ಗುರುತ್ವವನ್ನು ಕಂಡು ಮೋಸಹೋಗುವುದಿಲ್ಲ. ಅದಕ್ಕೂ ಒಂದು ದೋಷವುಂಟು. ಆ ಮಾತಿಗೆ ಕೊನೆಯಲ್ಲಿ ಬರೋಣ.

ಇನ್ನು ಕೈಯ ವಿಚಾರ. ಕುಣಿಗಲ್ಲಿನ ಕುದುರೆ ಫಾರಮ್ಮು ಟಿಪ್ಪುವಿನ ಕಾಲದಿಂದಲೂ ಹೆಸರಾದುದು. ಕುದುರೆಯ ಬಾಯಿಗೂ ಸವಾರನ ಕೈಗೂ ನಡುವೆ ಇರುವ ಲಗಾಮನ್ನು ನೆನೆದುಕೊಳ್ಳಿ. ಲಗಾಮಿನ ಮೂಲಕ ಸವಾರನು ಅಪ್ಪಣೆ ಕೊಡುವುದಷ್ಟೇ ಅಲ್ಲ, ಕುದುರೆಯು ತಲೆ ಕೊಡವಿದುದು, ಬಿಗಿದುದು, ಸಡಿಲಿಸಿದುದು ಎಲ್ಲವೂ ಬೆರಳಿಗೆ ತಿಳಿದುಬರುತ್ತದೆ. ಗುಂಡಿಯನ್ನು ಒತ್ತಿದಾಗಲೂ ಬೆರಳಿಗೆ ಒಂದು ‘ಟಿಕ್’ ಎಂಬ ಉತ್ತರ ಬರುತ್ತದೆ. ಗಾಳಿಯಲ್ಲಿ ಬೀಸಿದ ಕತ್ತಿಗೆ ಅಂತಹ ಉತ್ತರವಿಲ್ಲ. ತೆರೆಯ ಮೇಲೆ ಎದುರಾಳಿಯ ಗುರಾಣಿಗೆ ತಾಗಿ ನಿಂತ ಕತ್ತಿಯು ಕೈಯಲ್ಲಿ ನಿಲ್ಲದೆ ಮುಂದಕ್ಕೆ ಸಾಗುತ್ತದೆ. ಹಿಡಿಕೆಯೊಳಗೆ ನಡುಗುವ ಮೋಟಾರನ್ನಿಟ್ಟು ಈ ಕೊರತೆಯನ್ನು ತುಂಬಲು ಯತ್ನಿಸುವುದುಂಟು. ವಾಲ್ವ್ ಎಂಬ ಅಮೆರಿಕದ ಸಂಸ್ಥೆಯು ೨೦೧೩ರಲ್ಲಿ ಪ್ರಕಟಿಸಿ ೨೦೧೫ರಲ್ಲಿ ಮಾರಾಟಕ್ಕೆ ತಂದ ಸ್ಟೀಮ್ ಕಂಟ್ರೋಲರಿನಲ್ಲಿ ಬಲಗಡ್ಡಿಯನ್ನೇ ತೆಗೆದು, ಎರಡು ಹೆಬ್ಬೆರಳಿಗೂ ನುಣುಪಾದ ದುಂಡು ಫಲಕಗಳನ್ನು ಕೂರಿಸಿದ್ದರು. ಬೆರಳು ಸವರಿದಾಗ ಫಲಕವು ಸಣ್ಣಗೆ ಮಿಡಿದು, ಇಲ್ಲದ ಚೆಂಡೊಂದು ಉರುಳಿದಂತೆ ಭ್ರಮೆ ಹುಟ್ಟಿಸುತ್ತಿತ್ತು. ಜಾಣತನದ ಕೆಲಸವೇ. ಆದರೂ ಕಡ್ಡಿಗೆ ಒಗ್ಗಿದ ಅನೇಕರು ಸ್ವಲ್ಪ ಹೊತ್ತು ಆಡಿ ಬದಿಗಿಟ್ಟರು. ವಾರಗಟ್ಟಲೆ ಪಟ್ಟು ಹಿಡಿದು ಕಲಿತವರು ಮಾತ್ರ ಅದನ್ನು ಬಿಡಲೊಲ್ಲದಾದರು. ೨೦೧೯ರಲ್ಲಿ ಅದರ ತಯಾರಿಕೆ ನಿಂತಿತು.

ಇಷ್ಟೆಲ್ಲ ತಿಳಿದಿದ್ದೂ ನಾವೇ ಒಮ್ಮೆ ಎಡವಿದೆವು. ನಮ್ಮ ವಿದ್ಯಾರ್ಥಿಗಳು ಆಡುವುದು ಪೆಟ್ಟಿಗೆಯ ಯಂತ್ರದಲ್ಲಲ್ಲ, ಮೊಬೈಲಿನಲ್ಲಿ. ೨೦೨೧ನೆಯ ಜುಲೈಯಲ್ಲಿ ಬಂದ ಬಿಜಿಎಂಐ ಎಂಬ ಯುದ್ಧದ ಆಟವನ್ನು ತುಮಕೂರಿನ ಹುಡುಗರಿಗೆ ಪರಿಚಯಿಸಬೇಕಾಗಿಲ್ಲ. ಎಡ ಹೆಬ್ಬೆರಳು ನಡೆಸುತ್ತದೆ, ಬಲ ಹೆಬ್ಬೆರಳು ಗಾಜಿನ ಮೇಲೆ ಸವರುತ್ತ ಗುರಿಯನ್ನು ತಿರುಗಿಸುತ್ತದೆ. ಇದರ ಬದಲು ಮೊಬೈಲನ್ನೇ ಕೊಂಚ ವಾಲಿಸಿ ಗುರಿ ಹಿಡಿಯುವ ಏರ್ಪಾಡೂ ಉಂಟು. ಮೇಲೆ ಹೇಳಿದ ಗೈರೋಸ್ಕೋಪೇ ಅಲ್ಲಿ ದುಡಿಯುವುದು. ಕಾಲೇಜಿನ ಹುಡುಗರು ತಮ್ಮತಮ್ಮಲ್ಲಿ ಪಂದ್ಯವನ್ನೇರ್ಪಡಿಸಿದಾಗ ಗೈರೋ ಬಳಕೆಯನ್ನು ನಿಷೇಧಿಸಬೇಕೆಂದು ಒಂದು ಗುಂಪು ಹಟ ಹಿಡಿಯಿತು. “ಅದನ್ನ ಹಾಕ್ಕೊಂಡ್ರೆ ಯಾರ್ ಬೇಕಾದ್ರೂ ಹೊಡೀತಾರೆ ಸಾರ್, ಬೆರಳಿನ ಕೈಚಳಕಕ್ಕೆ ಬೆಲೆಯೇ ಇಲ್ಲ” ಎಂಬುದು ಅವರ ವಾದ. ತೀರ್ಪಿಗಾಗಿ ಭೌತಶಾಸ್ತ್ರದವರಾದ ನಮ್ಮ ಬಳಿಗೆ ಬಂದರು. ನಮಗೂ ಅದು ನ್ಯಾಯವೆಂದೇ ತೋರಿ, ಆಗಲಿ ಎನ್ನುವುದರಲ್ಲಿದ್ದೆವು.

ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗನು ತನ್ನ ಬಲಗೈಯನ್ನು ಮುಂದೆ ಚಾಚಿದನು. ಬಾಲ್ಯದಲ್ಲಿ ಬಿದ್ದ ಪೆಟ್ಟಿನಿಂದ ಅವನ ಹೆಬ್ಬೆರಳು ಮಡಚುತ್ತಿರಲಿಲ್ಲ. ಗಾಜಿನ ಮೇಲೆ ಸವರುವುದು ಅವನಿಂದಾಗದು. ತೋರುಬೆರಳಿನಿಂದ ಗುಂಡು ಹಾರಿಸುತ್ತಿದ್ದನು, ಮಣಿಕಟ್ಟು ವಾಲಿಸಿ ಗುರಿ ಹಿಡಿಯುತ್ತಿದ್ದನು. ಗೈರೋ ಇಲ್ಲವೆಂದರೆ ಅವನು ಪಂದ್ಯದಲ್ಲಿಲ್ಲ. ಅವನು ಬೇರೇನೂ ಹೇಳಲಿಲ್ಲ.

ನಾವು ತೀರ್ಪನ್ನು ಮುಂದಕ್ಕೆ ಹಾಕಿ, ಮೂರು ಸಂಜೆ ಗೈರೋ ಹಾಕಿಕೊಂಡು ಆಡಿ ನೋಡಿದೆವು. ಯಾರು ಬೇಕಾದರೂ ಹೊಡೆಯುತ್ತಾರೆಂಬ ಮಾತು ಸುಳ್ಳೆಂಬುದು ಮೊದಲನೆಯ ಸಂಜೆಯೇ ಸಿದ್ಧವಾಯಿತು: ನಮ್ಮ ಗುರಿಯು ಆಕಾಶಕ್ಕೂ ನೆಲಕ್ಕೂ ತೊನೆದಾಡಿತು. ತಂದೆಯವರ ಎಡಗಾಲಿನ ಅವಸ್ಥೆ ನಮ್ಮ ಕೈಗೆ ಒದಗಿತ್ತು. ಮೂರನೆಯ ಸಂಜೆ ಸ್ವಲ್ಪ ಹತೋಟಿಗೆ ಬಂದಿತು. ಅದೂ ಕಲಿತು ಬರಬೇಕಾದ ಕೈಚಳಕವೇ, ಕಲಿಯುವ ಸ್ನಾಯು ಬೇರೆ ಅಷ್ಟೆ. ೨೦೧೮ರಲ್ಲಿ ಮೈಕ್ರೋಸಾಫ್ಟಿನವರು ಅಂಗವೈಕಲ್ಯವುಳ್ಳವರಿಗಾಗಿ ತಂದ ಹಿಡಿಕೆಯೊಂದು ಆಗ ನೆನಪಿಗೆ ಬಂದಿತು. ಅದರ ಮೇಲೆ ಎರಡು ದೊಡ್ಡ ಗುಂಡಿಗಳು. ಹಿಂಬದಿಯಲ್ಲಿ ೧೯ ತೂತುಗಳು. ಪಾದದಿಂದ ಒತ್ತುವ, ಮೊಣಕೈಯಿಂದ ಒತ್ತುವ, ಹೀಗೆ ಯಾರಿಗೆ ಯಾವ ಅಂಗ ಆಡುವುದೋ ಅದಕ್ಕೆ ತಕ್ಕ ಸ್ವಿಚ್ಚನ್ನು ಆ ತೂತುಗಳಿಗೆ ಸಿಕ್ಕಿಸಬಹುದು. ಗುಂಡಿಯಲ್ಲಿ ಪಳಗಿದವನಿಗೆ ಅದು ವಿಚಿತ್ರವಸ್ತುವಾಗಿಯೇ ಕಂಡೀತು.

ಗೈರೋಗೆ ಅನುಮತಿ ಕೊಟ್ಟೆವು. ಗೊಣಗಿದವರು ಗೊಣಗಿದರು. ಹುಡುಗನು ಎರಡನೆಯ ಸುತ್ತಿನಲ್ಲಿಯೇ ಸೋತನು.

ಮಾರನೆಯ ದಿನ ಅವನು ಪ್ರಯೋಗಶಾಲೆಗೆ ಬಂದು, “ಸಾರ್, ಫೋನ್ ಅಲ್ಲಾಡದೇ ಇದ್ರೂ ಗುರಿ ತಾನೇ ಎಡಕ್ಕೆ ಹೋಗುತ್ತಲ್ಲ, ಯಾಕೆ?” ಎಂದು ಕೇಳಿದನು. ಗೈರೋಸ್ಕೋಪಿನ ದೋಷವೆಂದು ಮೇಲೆ ಹೇಳಿದ್ದು ಇದನ್ನೇ. ನಿಶ್ಚಲವಾಗಿದ್ದಾಗಲೂ ಅದು ತಾನು ಅತಿ ಮೆಲ್ಲನೆ ತಿರುಗುತ್ತಿರುವಂತೆ ವರದಿ ಮಾಡುತ್ತದೆ. ಆ ಅಲ್ಪ ತಪ್ಪು ಸೆಕೆಂಡು ಸೆಕೆಂಡಿಗೂ ಕೂಡುತ್ತ ಹೋಗುತ್ತದೆ. ಬಿಸಿಯೇರಿದರೆ ತಪ್ಪಿನ ಪ್ರಮಾಣವೂ ಬದಲಾಗಬಹುದು. ಮೇಲೆ ಕೆಳಗೆ ವಾಲುವ ತಪ್ಪನ್ನು ವೇಗೋತ್ಕರ್ಷಮಾಪಕವು ಗುರುತ್ವದ ದಿಕ್ಕನ್ನು ನೋಡಿ ತಿದ್ದಬಲ್ಲುದು. ಎಡಬಲದ ತಪ್ಪನ್ನು ತಿದ್ದಲು ಗುರುತ್ವವು ನೆರವಾಗದು, ಏಕೆಂದರೆ ಎತ್ತ ತಿರುಗಿ ನಿಂತರೂ ಭೂಮಿಯು ಎಳೆಯುವುದು ಕೆಳಕ್ಕೇ. ಮೊಬೈಲನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಕೈ ತೆಗೆದು, ಸೆಟ್ಟಿಂಗಿನಲ್ಲಿ ಗೈರೋವನ್ನು ಹೊಸದಾಗಿ ಸೊನ್ನೆಗೆ ತರಬೇಕೆಂದು ಹೇಳಿದೆವು. ಅವನು ಹಾಗೆಯೇ ಇಟ್ಟನು. ಎಡಕ್ಕೆ ಜಾರುತ್ತಿದ್ದ ಗುರಿಯು ನಿಂತಿತು. “ನಿನ್ನೇನೇ ಕೇಳ್ಬೇಕಿತ್ತು” ಎಂದು ಹೇಳಿ ಮೊಬೈಲನ್ನು ಜೇಬಿಗಿಟ್ಟುಕೊಂಡನು.