ಕಾರ್ನಾಕದ ಆಟವೂ ನಮ್ಮ ನಾಡಿನ ದುರ್ಗಗಳೂ

ಟಿ.ವಿ. ಪರದೆಯ ಬಂದೂಕಿನ ಆಟಗಳೆಲ್ಲ ಬರಿಯ ಕಾಲಹರಣವೆಂದು ನಾವು ಹಿರಿಯರು ತಳ್ಳಿಹಾಕುವುದುಂಟು. ಅಮೆರಿಕದ ಲೊಬೊಟಮಿ ಸಾಫ್ಟ್‌ವೇರ್ ಸಂಸ್ಥೆಯು 1996ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ರೂಪಿಸಿದ, 2022ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದ ‘ಪವರ್‌ಸ್ಲೇವ್’ ಅಂಥದೇ ಒಂದು ಆಟ. ಈಜಿಪ್ಟಿನ ಕಾರ್ನಾಕವನ್ನು ಅನ್ಯಲೋಕದವರು ಆಕ್ರಮಿಸಿರುತ್ತಾರೆ. ಅದನ್ನು ಬಿಡಿಸಹೊರಟ ಯೋಧನ ಕಣ್ಣಿನಿಂದಲೇ ಆಟಗಾರನು ಎಲ್ಲವನ್ನೂ ಕಾಣುತ್ತಾನೆ.

ಹಿಂಸೆಯು ಇದರಲ್ಲಿಯೂ ಉಂಟು. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಆದರೆ ಗುಂಡು ಹಾರಿಸಿದ ಮಾತ್ರಕ್ಕೆ ಇಲ್ಲಿ ದಾರಿ ತೆರೆಯದು. ಎತ್ತರಕ್ಕೆ ನೆಗೆಯಿಸುವ ಪಾದರಕ್ಷೆ, ನೀರಿನೊಳಗೆ ಉಸಿರು ಕಾಯುವ ಮುಖವಾಡ ದೊರೆತ ಮೇಲೆ, ಹಿಂದೆ ಬಿಟ್ಟುಬಂದ ಎಡೆಗಳಿಗೆ ಮರಳಿ ಹೋಗಿ ಹುಡುಕಬೇಕು. ತಾಳ್ಮೆ, ನೆನಪುಗಳೇ ಇಲ್ಲಿ ದೊಡ್ಡ ಬಲ.

ಕಾರ್ನಾಕವು ಕಟ್ಟುಕಥೆಯಲ್ಲ, ಅಲ್ಲಿನ ಮಹಾಮಂಟಪದಲ್ಲಿ 134 ಕಂಬಗಳಿವೆ. ಹಾಗೆಯೇ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಪಾವಗಡದ ಗಿರಿದುರ್ಗ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಶಿರಾದ ಮಲಿಕ್ ರಿಹಾನನ ಗೋರಿ ನಮ್ಮ ಕಣ್ಣೆದುರಿಗೇ ಇವೆ. ಪರದೇಶದ ಸುರಂಗಗಳನ್ನು ಪರದೆಯಲ್ಲಿ ಬಾಯಿಪಾಠ ಮಾಡಿದ ಹುಡುಗನು ತನ್ನೂರಿನ ದುರ್ಗವನ್ನೇ ಹತ್ತದಿದ್ದರೆ ಆ ಲೋಪ ಅವನೊಬ್ಬನದಲ್ಲ.

ಆಟವನ್ನು ಕಸಿದುಕೊಳ್ಳುವ ಮುನ್ನ ಒಂದು ರಜೆಯ ದಿನ ಮಕ್ಕಳೊಡನೆ ಬೆಟ್ಟವೇರೋಣ. ಹುಡುಕುವ ಕುತೂಹಲ ಅವರಲ್ಲಿದೆ. ಅದಕ್ಕೆ ನಮ್ಮ ನೆಲವನ್ನು ತೋರುವ ಹೊಣೆ ನಮ್ಮದು.