ಮೊಟ್ಟೆಯಿಡುವ ಹೇಂಟೆಗಳ ರೋಗಗಳೂ ಅವುಗಳ ನಿವಾರಣೆಯೂ

ಹಿತ್ತಲಿನಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕುವುದು ಗ್ರಾಮಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಮೊಟ್ಟೆಯ ಹಣವು ಬಹುಮಟ್ಟಿಗೆ ಮನೆಯ ಹೆಂಗಸರ ಕೈಗೆ ಸೇರುವುದು. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮೊದಲಾದ ಸಣ್ಣ ವೆಚ್ಚಗಳು ಅದರಿಂದಲೇ ಸಾಗುವುವು. ಆದರೆ ಅಂಟುರೋಗವು ಒಂದು ಸಲ ಊರೊಳಗೆ ಕಾಲಿಟ್ಟರೆ ಕೆಲವೇ ದಿನಗಳಲ್ಲಿ ಗೂಡುಗಳು ಬರಿದಾಗುವುದುಂಟು. ಇದನ್ನು ದೈವಚಿತ್ತವೆಂದು ತಿಳಿದು ಸುಮ್ಮನಿರುವುದು ತರವಲ್ಲ. ಈ ನಷ್ಟದ ಬಹುಭಾಗವನ್ನು ತಡೆಯಬಹುದು. ಆದರೆ ಅದಕ್ಕೆ ಒಂದು ಮನೆಯವರ ಎಚ್ಚರ ಸಾಲದು, ಕೇರಿಯವರೆಲ್ಲರೂ ಕೂಡಬೇಕು.

ಗುರುತುಗಳು: ಕೋಳಿಯು ತನ್ನ ಬೇನೆಯನ್ನು ಬಚ್ಚಿಡುವ ಪಕ್ಷಿ. ದುರ್ಬಲವಾದುದನ್ನು ಹದ್ದೂ ಹುಡುಕುವುದು, ಜೊತೆಯ ಕೋಳಿಗಳೂ ಕುಕ್ಕುವುವು. ಆದುದರಿಂದ ಅದು ಗರಿಗೆದರಿ ಮೂಲೆಯಲ್ಲಿ ಕೂರುವ ವೇಳೆಗೆ ರೋಗವು ಬಲಿತಿರುವುದು. ಬೆಳಿಗ್ಗೆ ಗೂಡಿನ ಬಾಗಿಲನ್ನು ತೆರೆಯುವಾಗ ಯಾವುದು ಹಿಂದೆ ಉಳಿಯಿತು, ಯಾವುದು ಕಾಳಿಗೆ ಓಡಿಬರಲಿಲ್ಲ, ಜುಟ್ಟು ಕೆಂಪಾಗಿದೆಯೇ ಬಿಳಿಚಿದೆಯೇ, ಹಿಕ್ಕೆಯು ನೀರಾಗಿದೆಯೇ ಎಂದು ನೋಡತಕ್ಕದ್ದು. ಮೊಟ್ಟೆ ನಿಂತಮಾತ್ರಕ್ಕೆ ರೋಗವೆಂದು ಭಯಪಡಬೇಕಾಗಿಲ್ಲ. ಕಾವಿಗೆ ಕೂತಾಗಲೂ ಗರಿ ಉದುರುವಾಗಲೂ ಹೇಂಟೆಯು ಸಹಜವಾಗಿಯೇ ಮೊಟ್ಟೆ ನಿಲ್ಲಿಸುವುದು.

ಸಣ್ಣ ಬಾಧೆಗಳು: ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣದ ಸತ್ವ ಬೇಕು. ಬರಿಯ ರಾಗಿ, ಅಕ್ಕಿ ನುಚ್ಚುಗಳಲ್ಲಿ ಅಷ್ಟು ದೊರೆಯದು. ಚಿಪ್ಪು ತೆಳುವಾದರೆ ಕಪ್ಪೆಚಿಪ್ಪನ್ನಾಗಲಿ, ಒಣಗಿಸಿದ ಮೊಟ್ಟೆಯ ಚಿಪ್ಪನ್ನಾಗಲಿ ನುಣ್ಣಗೆ ಕುಟ್ಟಿ ಬೇರೆ ಪಾತ್ರೆಯಲ್ಲಿಡಬೇಕು. ಚಿಪ್ಪನ್ನು ಕುಟ್ಟದೆ ಹಾಕಿದರೆ ಮೊಟ್ಟೆಯನ್ನೇ ಒಡೆದು ತಿನ್ನುವ ಚಾಳಿ ಹತ್ತುವ ಸಂಭವವುಂಟು. ಮೊಟ್ಟೆಯು ಒಳಗೇ ಸಿಕ್ಕಿಕೊಂಡು ತಿಣುಕುವ ಹೇಂಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಬಹುದು. ಹೊಟ್ಟೆಯನ್ನು ಹಿಚುಕಕೂಡದು, ಮೊಟ್ಟೆ ಒಳಗೆ ಒಡೆದರೆ ಪ್ರಾಣಕ್ಕೆ ಅಪಾಯ.

ಜುಟ್ಟು ಬಿಳಿಚಿ ಮೊಟ್ಟೆ ಕಡಿಮೆಯಾದಲ್ಲಿ ಜಂತುಹುಳುವನ್ನೋ ಉಣ್ಣೆಯನ್ನೋ ಶಂಕಿಸಬೇಕು. ಬಲಿತ ಉಣ್ಣೆಗಳು ಹಗಲಿನಲ್ಲಿ ಗೋಡೆಯ ಬಿರುಕುಗಳಲ್ಲಿಯೂ ಮರದ ಸಂದುಗಳಲ್ಲಿಯೂ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವುವು. ಹಗಲಲ್ಲಿ ಕೋಳಿಯನ್ನು ಮಾತ್ರ ನೋಡಿದವರಿಗೆ ಇವು ಕಾಣಿಸವು. ರಾತ್ರಿ ದೀಪ ಹಿಡಿದು ಗೂಡನ್ನು ಪರೀಕ್ಷಿಸಬೇಕು. ಬಿರುಕುಗಳನ್ನು ಮುಚ್ಚಿ, ಸಂದುಗಳಿಗೆ ಕುದಿಯುವ ನೀರು ಸುರಿದು, ಗೂಡಿಗೆ ಸುಣ್ಣ ಬಳಿಯಬೇಕು.

ಕೊಕ್ಕರೆ ರೋಗ: ಎಲ್ಲಕ್ಕಿಂತ ಭಯಂಕರವಾದುದು ಇದು. 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಜಾವಾ ದ್ವೀಪದಲ್ಲಿಯೂ ಕಾಣಿಸಿ, 1927ರಲ್ಲಿ ಕುಮಾವೂ ಪ್ರಾಂತದ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಇದಕ್ಕೆ ರಾಣಿಖೇತ ರೋಗವೆಂಬ ಹೆಸರು ಬಂದಿತು. ಏದುಸಿರು, ಹಸಿರು ಮಿಶ್ರಿತ ಭೇದಿ, ಜೋತುಬಿದ್ದ ರೆಕ್ಕೆ, ತಿರುಚಿಕೊಂಡ ಕತ್ತು, ಇವು ಇದರ ಲಕ್ಷಣಗಳು. ರೋಗ ಬಂದಮೇಲೆ ಇದಕ್ಕೆ ಔಷಧವಿಲ್ಲ. ಬರುವುದಕ್ಕೆ ಮುಂಚೆ ಚುಚ್ಚುಮದ್ದು ಉಂಟು. ಮರಿಗಳಿಗೆ 5ರಿಂದ 7 ದಿನಗಳೊಳಗೆ ಲಸೋಟಾ ಅಥವಾ ಎಫ್ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುವರು. ಸುಮಾರು 8 ವಾರಗಳಾದಾಗ ಆರ್-2-ಬಿ ಲಸಿಕೆಯನ್ನು ಚುಚ್ಚುವರು. ಮುಂದೆ ಎಷ್ಟು ಕಾಲಕ್ಕೊಮ್ಮೆ ಹಾಕಿಸಬೇಕೆಂಬುದನ್ನು ಪಶುವೈದ್ಯರಿಂದ ತಿಳಿಯತಕ್ಕದ್ದು.

ಹೀಗಿದ್ದೂ ಹಿತ್ತಲ ಕೋಳಿಗಳು ಏಕೆ ಸಾಯುವುವು? ಲಸಿಕೆಯ ಒಂದು ಸೀಸೆಯು ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಂತಹುದು. ಅದನ್ನು ತಣ್ಣಗೆ ಇಡಬೇಕು. ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಆರು ಕೋಳಿಗಳುಳ್ಳ ಮನೆಯವರು ಒಬ್ಬರೇ ಹೋಗಿ ಕೇಳಿದರೆ ಉಳಿದ ಮದ್ದೆಲ್ಲ ವ್ಯರ್ಥ. ಆದುದರಿಂದ ಕೇರಿಯವರೆಲ್ಲರೂ ಒಂದು ದಿನವನ್ನು ಗೊತ್ತುಮಾಡಿ, ಪಶು ಚಿಕಿತ್ಸಾಲಯಕ್ಕೆ ಮುಂಚಿತವಾಗಿ ತಿಳಿಸಿ, ನಸುಕಿನಲ್ಲಿ ಕೋಳಿಗಳನ್ನು ಹೊರಗೆ ಬಿಡುವುದಕ್ಕೆ ಮೊದಲೇ ಹಾಕಿಸುವುದು ಉತ್ತಮ. ಆರೋಗ್ಯವಾಗಿರುವ ಕೋಳಿಗಳಿಗೆ ಮಾತ್ರ ಹಾಕಿಸಬೇಕು. ಹಾಕಿಸದೆ ಉಳಿದ ಮನೆಯ ಕೋಳಿಗಳು ರೋಗಕ್ಕೆ ಬಾಗಿಲು ತೆರೆದಿಟ್ಟಂತೆ.

ರೋಗ ಕಂಡಾಗ: ಕಾಯಿಲೆಯ ಕೋಳಿಯನ್ನು ಅಗ್ಗಕ್ಕಾದರೂ ಸರಿ ಎಂದು ಸಂತೆಗೆ ಒಯ್ದು ಮಾರುವುದು ರೂಢಿಯಲ್ಲಿದೆ. ಮಾರಿದವರಿಗೆ ಬರುವುದು ನಾಲ್ಕು ಕಾಸು. ಕೊಂಡವರ ಊರಿಗೆ ಹೋಗುವುದು ರೋಗ. ಇದನ್ನು ಸರ್ವಥಾ ಬಿಡಬೇಕು. ಬೇನೆಯ ಕೋಳಿಯನ್ನು ಬೇರೆಯಿಟ್ಟು, ಉಳಿದವಕ್ಕೆ ಕಾಳು ನೀರು ಕೊಟ್ಟಾದ ಮೇಲೆ ಅದನ್ನು ನೋಡಿ, ಕೈಕಾಲುಗಳನ್ನು ತೊಳೆದುಕೊಳ್ಳತಕ್ಕದ್ದು. ಸತ್ತವನ್ನು ತಿಪ್ಪೆಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಲೇ ಹಲವು ಸತ್ತರೆ ಅದು ಹಕ್ಕಿಜ್ವರವೂ ಆಗಿರಬಹುದು. ಕೊಕ್ಕರೆ ರೋಗಕ್ಕೂ ಅದಕ್ಕೂ ಬರಿಗಣ್ಣಿಗೆ ಭೇದ ತಿಳಿಯದು. ಹಕ್ಕಿಜ್ವರವು ಮನುಷ್ಯರಿಗೂ ತಗಲಬಹುದಾದ್ದರಿಂದ ಅಂತಹವನ್ನು ಕೊಯ್ಯದೆ, ಬರಿಗೈಯಿಂದ ಮುಟ್ಟದೆ, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಹೊಸದಾಗಿ ತಂದ ಕೋಳಿಯನ್ನು ಎರಡು ವಾರಗಳಾದರೂ ಪ್ರತ್ಯೇಕವಾಗಿಡುವುದು ಕ್ಷೇಮ.

ಹಿತ್ತಲಿಗೆ ಬೇಲಿಯುಂಟು, ರೋಗಕ್ಕೆ ಬೇಲಿಯಿಲ್ಲ. ನೆರೆಮನೆಯ ಹೇಂಟೆಯ ಆರೋಗ್ಯವೇ ತನ್ನ ಹೇಂಟೆಗೆ ಕಾವಲೆಂದು ಪ್ರತಿಯೊಂದು ಮನೆಯವರೂ ತಿಳಿದು ನಡೆದಲ್ಲಿ ಮೊಟ್ಟೆಯ ಬುಟ್ಟಿಯು ಬರಿದಾಗದು.