ಶಾಕೆರೆ ಖಲೀಲಿ ಕೊಲೆ ಪ್ರಕರಣ

ಶಾಕೆರೆ ಖಲೀಲಿ ಕೊಲೆ ಪ್ರಕರಣವು 1991ರಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರಲ್ಲಿ ನಡೆದು, 1994ರಲ್ಲಿ ಬೆಳಕಿಗೆ ಬಂದ ಅಪರಾಧ ಪ್ರಕರಣವಾಗಿದೆ. ಆಕೆಯ ಎರಡನೆಯ ಪತಿ, ಸ್ವಾಮಿ ಶ್ರದ್ಧಾನಂದ ಎಂದು ಹೆಸರಾಗಿದ್ದ ಮುರಳಿ ಮನೋಹರ ಮಿಶ್ರಾ, ಈ ಕೊಲೆಗಾಗಿ ಶಿಕ್ಷೆಗೊಳಗಾದನು.

ಹಿನ್ನೆಲೆ

ಶಾಕೆರೆ, ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ರಾಜತಾಂತ್ರಿಕ ಅಕ್ಬರ್ ಖಲೀಲಿ ಅವರನ್ನು ವಿವಾಹವಾಗಿದ್ದ ಆಕೆಗೆ ನಾಲ್ವರು ಹೆಣ್ಣುಮಕ್ಕಳಿದ್ದರು. 1985ರಲ್ಲಿ ವಿಚ್ಛೇದನ ಪಡೆದು, ಮರುವರ್ಷ ಶ್ರದ್ಧಾನಂದನನ್ನು ಮದುವೆಯಾದರು. ತಮ್ಮ ಆಸ್ತಿಯ ವ್ಯವಹಾರಕ್ಕಾಗಿ ಆತನಿಗೆ ಅಧಿಕಾರಪತ್ರವನ್ನೂ ಬರೆದುಕೊಟ್ಟಿದ್ದರು.

ನಾಪತ್ತೆ ಮತ್ತು ತನಿಖೆ

1991ರ ಮೇ ಕೊನೆಯ ವಾರದ ನಂತರ ಶಾಕೆರೆಯನ್ನು ಯಾರೂ ಕಾಣಲಿಲ್ಲ. ವಿಚಾರಿಸಿದ ಮಗಳಿಗೆ ಶ್ರದ್ಧಾನಂದನು ಒಮ್ಮೆ ಒಂದು ಊರಿನ ಹೆಸರನ್ನೂ ಮತ್ತೊಮ್ಮೆ ವಿದೇಶದ ಆಸ್ಪತ್ರೆಯನ್ನೂ ಹೇಳಿದನು. 1992ರ ಜೂನ್‌ನಲ್ಲಿ ಮಗಳು ಅಶೋಕನಗರ ಪೊಲೀಸ್ ಠಾಣೆಗೆ ದೂರು ನೀಡಿದರು. ಆದರೆ ಶವವಾಗಲಿ, ಕೊಲೆಯ ಕುರುಹಾಗಲಿ ಇರಲಿಲ್ಲ. ಆರೋಪಿಯೇ ಕಾನೂನುಬದ್ಧ ಪತಿಯೂ ಆಸ್ತಿಯ ಅಧಿಕಾರಪತ್ರ ಹೊಂದಿದವನೂ ಆಗಿದ್ದುದರಿಂದ ಆತನ ಮಾತುಗಳೇ ಬಹುಕಾಲ ನಡೆದವು. ಅದೇ ಮನೆಯಲ್ಲಿ ವಾಸವಾಗಿದ್ದುಕೊಂಡು ಆತನು ಆಸ್ತಿಯನ್ನು ಮಾರುತ್ತಲೇ ಇದ್ದನು.

ತನಿಖೆಯು ಕೇಂದ್ರ ಅಪರಾಧ ವಿಭಾಗಕ್ಕೆ ವರ್ಗವಾದ ಬಳಿಕ, 1994ರ ಮಾರ್ಚ್‌ನಲ್ಲಿ ಆತನನ್ನು ಬಂಧಿಸಲಾಯಿತು. ಆತನು ತೋರಿಸಿದ ಜಾಗದಲ್ಲಿ, ಅಂದರೆ ಮನೆಯ ಅಂಗಳದಲ್ಲಿ, ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ದೊರೆಯಿತು. ಅಗೆತವನ್ನು ವಿಡಿಯೋದಲ್ಲಿ ಚಿತ್ರೀಕರಿಸಲಾಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಆದರೆ ಆರೋಪಿ ನೀಡಿದ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 27ನೆಯ ಕಲಮಿನಂತೆ ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾಹಿತಿಯು ಸಾಕ್ಷ್ಯವಾಗುತ್ತಿತ್ತು. ಪ್ರತ್ಯಕ್ಷದರ್ಶಿಗಳಿಲ್ಲದ ಈ ಪ್ರಕರಣವು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿತು. ತಲೆಬುರುಡೆಯ ಚಿತ್ರವನ್ನು ಭಾವಚಿತ್ರದೊಡನೆ ಹೊಂದಿಸಿ ನೋಡುವ ವಿಧಾನ, ಡಿಎನ್ಎ ಪರೀಕ್ಷೆ ಹಾಗೂ ಆಭರಣಗಳ ಗುರುತಿನಿಂದ ಮೃತರು ಶಾಕೆರೆಯೇ ಎಂಬುದು ಸ್ಥಿರಪಟ್ಟಿತು. ಪೆಟ್ಟಿಗೆಯನ್ನೂ ಗುಂಡಿಯನ್ನೂ ಮೊದಲೇ ಸಿದ್ಧಪಡಿಸಲಾಗಿತ್ತೆಂಬ ಅಂಶವು ಕೃತ್ಯವು ಪೂರ್ವಯೋಜಿತವೆಂದು ತೋರಿಸಿತು.

ತೀರ್ಪು

2005ರಲ್ಲಿ ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ದೃಢಪಡಿಸಿತು. ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ವಿಷಯದಲ್ಲಿ ಒಮ್ಮತಕ್ಕೆ ಬಂದರೂ ಶಿಕ್ಷೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದರು. 2008ರ ಜುಲೈ 22ರಂದು ತ್ರಿಸದಸ್ಯ ಪೀಠವು ಮರಣದಂಡನೆಯನ್ನು ರದ್ದುಗೊಳಿಸಿ, ಕ್ಷಮಾಪಣೆಯ ರಿಯಾಯಿತಿಯಿಲ್ಲದೆ ಜೀವವಿರುವವರೆಗೂ ಸೆರೆವಾಸವೆಂದು ಆದೇಶಿಸಿತು. ಗಲ್ಲಿಗೂ ಸಾಮಾನ್ಯ ಜೀವಾವಧಿಗೂ ನಡುವಣ ಈ ಶಿಕ್ಷೆಯನ್ನು 2015ರಲ್ಲಿ ಸಂವಿಧಾನ ಪೀಠವು ಬಹುಮತದಿಂದ ಎತ್ತಿಹಿಡಿಯಿತು. 2023ರಲ್ಲಿ ಪ್ರಕರಣವನ್ನು ಕುರಿತ ‘ಡಾನ್ಸಿಂಗ್ ಆನ್ ದ ಗ್ರೇವ್’ ಎಂಬ ಸಾಕ್ಷ್ಯಚಿತ್ರ ಸರಣಿಯು ಬಿಡುಗಡೆಯಾಯಿತು.